ಆರುನೂರು ರೂಪಾಯಿ ಉಳಿಸಿದ್ದು

ಮುಂದಿನ ಎರಡು ಚಕ್ರದ ಬ್ರೇಕ್ ಪ್ಯಾಡ್ ಬದಲಿಸಲು ಗ್ಯಾರೇಜಿನವನು ಹೇಳಿದ ಕೂಲಿ 600 ರೂಪಾಯಿ. ಪ್ಯಾಡಿನ ದುಡ್ಡು ಬೇರೆ. ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬೋಲ್ಟು ಹಾಕೋದಕ್ಕೆ ಆರುನೂರಾ ಅಂತ ಹೊಟ್ಟೆ ಉರಿಯಿತು. ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಅದರಲ್ಲಿ ಒಬ್ಬ ಪುಣ್ಯಾತ್ಮ ಅಂಗಿಗೆ ಮಸಿ ತಾಗಿಸಿಕೊಳ್ಳದೆ, ಹರಟೆ ಹೊಡೆಯುತ್ತಲೇ ಎಲ್ಲ ಮುಗಿಸಿಬಿಟ್ಟ. ಅವನ ಅಂಗಳದಲ್ಲಿ ಮಳೆ ಇರಲಿಲ್ಲ, ಅವನ ಬೋಲ್ಟಿನಲ್ಲಿ ತುಕ್ಕೂ ಇರಲಿಲ್ಲ. ನಾವು ತೀರ್ಥಹಳ್ಳಿ ಕಡೆಯವರು. ನಮ್ಮಲ್ಲಿ ಕಬ್ಬಿಣ ಅಂದರೆ ಅರ್ಧ ಕಬ್ಬಿಣ, ಅರ್ಧ ತುಕ್ಕು.

ಭಾನುವಾರ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ ಶುರು ಮಾಡಿದೆ. ಬಲಗಡೆಯದು ಸಲೀಸಾಗಿ ಆಯಿತು. ಅದೇ ಯಡವಟ್ಟಾಗಿದ್ದು. ಎಡಗಡೆಗೆ ಬರುವಷ್ಟರಲ್ಲಿ ನಾನು ಅರ್ಧ ಮೆಕ್ಯಾನಿಕ್ ಆಗಿಬಿಟ್ಟಿದ್ದೆ. ಪ್ಯಾಡನ್ನು ಹಿಡಿದಿಡುವ ಕ್ಯಾಲಿಪರ್ ಜಪ್ಪಯ್ಯ ಅಂದರೂ ಬರಲಿಲ್ಲ. ದೊಡ್ಡ ಸ್ಕ್ರೂಡ್ರೈವರ್ ಸಂದಿಗೆ ತೂರಿಸಿ ಮೀಟಿದೆ. ಅದು ಜಾರಿತು. ಹಸಿಮೆಣಸಿನ ತೊಟ್ಟು ಮುರಿದಷ್ಟು ಸಣ್ಣಕೆ 'ಟಿಕ್' ಅಂದಿತು. ಬಗ್ಗಿ ನೋಡಿದರೆ ಚಕ್ರದ ಹಿಂಬದಿಯಿಂದ ಬರುವ ಒಂದು ತೆಳ್ಳನೆ ಕಪ್ಪು ವೈರಿನ ಸಿಪ್ಪೆ ಹರಿದು, ಒಳಗಿನ ಎರಡು ಎಳೆಯಲ್ಲಿ ಒಂದು ತುಂಡಾಗಿತ್ತು. ತಾಮ್ರ ಫಳಫಳ ಹೊಳೆಯುತ್ತಿತ್ತು. ನನಗೆ ಗೊತ್ತಿಲ್ಲದ ವೈರು ಮುಖ್ಯದ್ದಲ್ಲ ಅನ್ನೋದು ನನ್ನ ಹಳೇ ನಂಬಿಕೆ. ಅದನ್ನು ಅತ್ತ ಸರಿಸಿ ಪ್ಯಾಡ್ ಹಾಕಿ, ಚಕ್ರ ಕೂರಿಸಿ, ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿಕೊಂಡು ಗಾಡಿ ಸ್ಟಾರ್ಟ್ ಮಾಡಿದೆ.

ಮೀಟರಿನಲ್ಲಿ ಎಲ್ಲ ದೀಪವೂ ಹತ್ತಿ ಆರಿದವು, ಒಂದನ್ನು ಬಿಟ್ಟು. ಎಬಿಎಸ್ ಅಂತ ಬರೆದ ಹಳದಿ ದೀಪ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆಯದು.

ನಮ್ಮದು 2014ರ ಗಾಡಿ. ಆಗ ಎಬಿಎಸ್ ಕಡ್ಡಾಯ ಇರಲಿಲ್ಲ, ಎಲ್ಲ ಹೊಸ ಕಾರಿಗೂ ಅದು ಬಂದಿದ್ದು 2019ರಲ್ಲಿ. ಘಾಟಿ ಊರಿನವರು, ಇರಲಿ ಅಂತ ಜಾಸ್ತಿ ದುಡ್ಡು ಕೊಟ್ಟು ಮೇಲಿನ ಮಾಡೆಲ್ ತಂದವನು ನಾನೇ. ಡಿಕ್ಕಿಯ ಮೇಲೆ ಬೆಳ್ಳಿ ಬಣ್ಣದಲ್ಲಿ ಆ ಮೂರಕ್ಷರ ಇನ್ನೂ ಇದೆ. ಹಿಂದೆ ಬರುವವರಿಗೆ ಎಬಿಎಸ್ ಇದೆ ಅಂತ, ಓಡಿಸುವವನಿಗೆ ಇಲ್ಲ ಅಂತ.

ಕಡಿದ ಮೇಲೆ ಅದೇನು ಅಂತ ಓದಿದೆ. ಚಕ್ರದ ಜೊತೆ ಹಲ್ಲಿನ ಬಳೆಯೊಂದು ತಿರುಗುತ್ತದೆ. ಅದಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದೂರದಲ್ಲಿ, ಮುಟ್ಟದೆ, ಕಿರುಬೆರಳಿನ ತುದಿಯಷ್ಟು ಸೆನ್ಸರ್ ಕೂತಿರುತ್ತದೆ. ಒಳಗೊಂದು ಅಯಸ್ಕಾಂತ, ಒಂದು ಸುರುಳಿ. ಒಂದೊಂದು ಹಲ್ಲು ಮುಂದೆ ಹಾದಾಗಲೂ ಸಣ್ಣದೊಂದು ಕರೆಂಟು ಮಿಡಿಯುತ್ತದೆ. ನಾಲ್ಕು ಚಕ್ರದ ನಾಲ್ಕು ಲೆಕ್ಕ, ನಾನು ಕಡಿದಂಥ ವೈರಿನಲ್ಲಿ, ಗಾಡಿಯ ಕಂಪ್ಯೂಟರಿಗೆ ಹೋಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಒಂದು ಚಕ್ರ ಇದ್ದಕ್ಕಿದ್ದಂತೆ ಎಣಿಕೆ ತಪ್ಪಿಸಿದರೆ ಅದು ಕಚ್ಚಿಕೊಳ್ಳುತ್ತಿದೆ ಅಂತ ಅರ್ಥ. ಕಚ್ಚಿಕೊಂಡ ಚಕ್ರ ಜಾರುತ್ತದೆ, ಸ್ಟೇರಿಂಗ್ ಎತ್ತ ತಿರುಗಿಸಿದರೂ ಕೇಳುವುದಿಲ್ಲ. ಆಗ ಕಂಪ್ಯೂಟರು ಬ್ರೇಕನ್ನು ಕ್ಷಣ ಬಿಟ್ಟು, ಹಿಡಿದು, ಬಿಟ್ಟು, ಹಿಡಿದು, ಸೆಕೆಂಡಿಗೆ ಎಷ್ಟೋ ಸಲ. ಬಾಷ್ ಕಂಪನಿಯವರು 1978ರಲ್ಲಿ ಬೆಂಜ್ ಕಾರಿಗೆ ಕೂರಿಸಿದ ಈ ವಿದ್ಯೆಯನ್ನು ನಾನು ಒಂದು ಸ್ಕ್ರೂಡ್ರೈವರಿನಲ್ಲಿ ಮುಗಿಸಿದ್ದೆ. ನಾಲ್ವರಲ್ಲಿ ಒಬ್ಬ ಲೆಕ್ಕ ಕೊಡದಿದ್ದರೆ ಕಂಪ್ಯೂಟರು ಉಳಿದ ಮೂವರನ್ನೂ ನಂಬುವುದಿಲ್ಲ. ದೀಪ ಹಚ್ಚಿ ಸುಮ್ಮನೆ ಕೂರುತ್ತದೆ. ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಹಳದಿಯ ಜೊತೆ ಬ್ರೇಕಿನ ಕೆಂಪು ದೀಪವೂ ಹತ್ತಿದರೆ ಮಾತ್ರ ಗಾಡಿ ಎತ್ತಲೇಬಾರದು.

ಮಾರನೇ ದಿನ ಮತ್ತೆ ಚಕ್ರ ಬಿಚ್ಚಿ ಎಳೆಗೆ ಎಳೆ ಹೊಸೆದು, ಇನ್ಸುಲೇಷನ್ ಟೇಪ್ ಸುತ್ತಿದೆ. ದೀಪ ಆರಿತು! ಹೆಂಡತಿಯನ್ನು ಕರೆದು ತೋರಿಸಿದೆ. "ಆರಿದ್ದನ್ನ ಎಂತ ನೋಡೋದ್ರೀ?" ಅಂದಳು. ನ್ಯಾಯವೇ. ಆದರೆ ಆ ವೈರು ಮನೆಗೋಡೆಯ ವೈರಿನಂತಲ್ಲ. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಬಾಗುತ್ತದೆ, ಸ್ಟೇರಿಂಗ್ ತಿರುಗಿದಾಗಲೆಲ್ಲ ತಿರುಚುತ್ತದೆ. ನಮ್ಮ ರಸ್ತೆಯಲ್ಲಿ ಗುಂಡಿಗೇನು ಬರವೇ? ಮೇಲೆ ಮಳೆ ಬೇರೆ. ಮೂರನೇ ದಿನ ದೀಪ ಮತ್ತೆ ಹತ್ತಿತು.

ಮಾನ ಬಿಟ್ಟು ಗ್ಯಾರೇಜಿಗೆ ಹೋದೆ. ಅವನು ಸ್ಕ್ಯಾನರ್ ಚುಚ್ಚಿ, "ಮುಂದಿನ ಎಡದ್ದು ಸೆನ್ಸರ್ ಸರ್" ಅಂದ. ನಾನು, "ಹೌದಾ?" ಅಂದೆ. ಅವನು ಬಗ್ಗಿ ಟೇಪು ನೋಡಿದ, ನನ್ನ ಉಗುರಿನ ಮಸಿ ನೋಡಿದ, ಏನೂ ಹೇಳಲಿಲ್ಲ. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಸೆನ್ಸರಿಗೆ 1,850, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕು, ನಾಲ್ಕೈದು ದಿನ. "ಅಲ್ಲೀವರೆಗೆ ದೀಪದ ಮೇಲೆ ಕರಿ ಟೇಪ್ ಅಂಟಿಸ್ಲಾ? ಸುಮಾರು ಜನ ಹಾಗೇ ಮಾಡ್ತಾರೆ." ಒಂದು ಕ್ಷಣ ಹೂಂ ಅಂದುಬಿಡೋಣ ಅನ್ನಿಸಿದ್ದು ಸುಳ್ಳಲ್ಲ.

ಆ ನಾಲ್ಕೈದು ದಿನದ ಮಧ್ಯೆಯೇ ಉಡುಪಿಯಲ್ಲಿ ಮದುವೆ. ಅಂದರೆ ಆಗುಂಬೆ ಘಾಟಿ, ಜುಲೈ ತಿಂಗಳು. ಪಕ್ಕದಲ್ಲಿ ಅಪ್ಪಯ್ಯ. ಇದೇ ಘಾಟಿಯಲ್ಲಿ ಇಪ್ಪತ್ತು ವರ್ಷ ಜೀಪು ಓಡಿಸಿದವರು. ದೀಪ ಏನು ಅಂತ ಕೇಳಿದರು. ಹೇಳಿದೆ.

"ಅದು ಇಲ್ದಿದ್ರೆ ಎಂತ ಆಗ್ತದೆ?"

"ಒದ್ದೆ ರಸ್ತೇಲಿ ಜೋರಾಗಿ ಒತ್ತಿದ್ರೆ ಚಕ್ರ ಲಾಕ್ ಆಗಿ ಜಾರ್ಬಹುದು ಅಪ್ಪಯ್ಯ."

"ಜೋರಾಗಿ ಒತ್ತೋದು ಎಂತಕ್ಕೆ ಮಾರಾಯ? ಸೆಕೆಂಡ್ ಗೇರಲ್ಲಿ ಇಳ್ಸು. ಬ್ರೇಕು ತಟ್ಟಿ ತಟ್ಟಿ ಬಿಡು."

ತಟ್ಟಿ ತಟ್ಟಿ ಬಿಡು. ಚಿಕ್ಕವನಿದ್ದಾಗ ಅವರ ಜೀಪಿನಲ್ಲಿ ಕೂತು ನಾನು ನೋಡುತ್ತಿದ್ದುದು ಆ ಬಲಗಾಲನ್ನೇ. ಹವಾಯಿ ಚಪ್ಪಲಿ ಬಾಗಿಲ ಹತ್ತಿರ ಕಳಚಿಟ್ಟು, ಬರಿಗಾಲಲ್ಲಿ ಪೆಡಲ್ ತಟ್ಟುತ್ತಿದ್ದರು, ಮಗು ಮಲಗಿಸುವವರು ಬೆನ್ನು ತಟ್ಟಿದ ಹಾಗೆ. ಚಕ್ರ ಕಚ್ಚುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ಹೇಗೆ ಅಂದರೆ, "ಕುಂಡೆಗೆ ಗೊತ್ತಾಗ್ತದೆ" ಅನ್ನುತ್ತಿದ್ದರು. ಹಲ್ಲಿನ ಬಳೆಯ ಹಾಗೆ ಮರ್ಯಾದಸ್ಥ ವಿವರಣೆ ಅಲ್ಲ, ಆದರೆ ಸೆನ್ಸರ್ ಕೆಲಸವೇ. ನಾನು ಎರಡನೇ ಗೇರಿನಲ್ಲಿ ಇಳಿಸಿದೆ. ಹಿಂದಿನವರು ಹಾರನ್ ಹೊಡೆದರು, ಹೊಡೆದುಕೊಳ್ಳಲಿ. ಒಂದೊಂದು ತಿರುವಿನಲ್ಲೂ ಮ್ಯಾಟಿನ ಮೇಲೆ ಅಪ್ಪಯ್ಯನ ಕಾಲು ನನಗಿಂತ ಮೊದಲೇ ಬ್ರೇಕ್ ಹಾಕುತ್ತಿತ್ತು.

ಸೆನ್ಸರ್ ಬಂತು. ಹಾಕೋದು ಐದು ನಿಮಿಷದ ಕೆಲಸ, ಹಳೆಯದನ್ನು ತೆಗೆಯೋದೇ ಕಷ್ಟ. ಪ್ಲಾಸ್ಟಿಕ್ ತಲೆ, ಸುತ್ತ ಕಬ್ಬಿಣ, ಕಬ್ಬಿಣಕ್ಕೆ ತುಕ್ಕು. ಉಂಬಳ ಕಚ್ಚಿದ ಹಾಗೆ ಕಚ್ಚಿಕೊಂಡಿತ್ತು. ಎಳೆದರೆ ತಲೆ ಮಾತ್ರ ಕೈಗೆ ಬಂತು, ಬುಡ ತೂತಿನಲ್ಲೇ ಉಳಿಯಿತು. ಗ್ಯಾರೇಜಿನವನು ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಒಂದು ಚಹಾ ಕುಡಿದು ಬಂದು, ಆ ಬುಡಕ್ಕೇ ಮರಕ್ಕೆ ಹಾಕುವ ಸ್ಕ್ರೂ ಒಂದನ್ನು ತಿರುಗಿಸಿ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಎಳೆದ. ಮುಕ್ಕಾಲು ಗಂಟೆ. ತೂತಿನ ಒಳಗೆಲ್ಲ ಎಮೆರಿ ಹಾಳೆ ತಿಕ್ಕಿ ಒರೆಸಿದ. ಅಲ್ಲಿ ತುಕ್ಕಿನ ಪದರ ಉಳಿದರೆ ಸೆನ್ಸರ್ ಸರಿಯಾಗಿ ಕೂರದೆ ಆ ಒಂದು ಮಿಲಿಮೀಟರಿನ ಲೆಕ್ಕ ತಪ್ಪುತ್ತದಂತೆ. ಕೂಲಿ 500. ಈ ಸಲ ನನ್ನ ಹೊಟ್ಟೆ ತೆಪ್ಪಗಿತ್ತು.

ಮುಂದಿನ ವಾರ ಅಪ್ಪಯ್ಯನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಸೋನೆ ಮಳೆ. ತೋಟದ ಬೇಲಿ ದಾಟಿ ಒಂದು ಕರು ರಸ್ತೆಗೆ ಹಾರಿತು. ಇದ್ದಬದ್ದ ಶಕ್ತಿ ಹಾಕಿ ಒತ್ತಿದೆ. ಕಾಲಡಿಯಲ್ಲಿ ಪೆಡಲ್ 'ಗರ್ರ್' ಅಂತ ನಡುಗಿತು. ಇನ್ನೇನೋ ಮುರಿದೆ ಅಂದುಕೊಂಡೆ. ಗಾಡಿ ಜಾರದೆ, ಸ್ಟೇರಿಂಗ್ ಹೇಳಿದ ಕಡೆ ತಿರುಗಿ, ಚರಂಡಿಗೆ ಗೇಣು ದೂರದಲ್ಲಿ ನಿಂತಿತು. ಕರು ನಮ್ಮನ್ನು ಒಮ್ಮೆ ನೋಡಿ ಹುಲ್ಲಿಗೆ ಬಾಯಿ ಹಾಕಿತು.

"ಎಂತದದು ಶಬ್ದ?" ಅಂದರು ಅಪ್ಪಯ್ಯ.

"ಎಬಿಎಸ್ಸು. ತಟ್ಟಿ ತಟ್ಟಿ ಬಿಡ್ತು."

"ಹೂಂ" ಅಂದರು. ಮ್ಯಾಟಿನ ಮೇಲೆ ಅವರ ಬಲಗಾಲು ಇನ್ನೂ ತಟ್ಟುತ್ತಲೇ ಇತ್ತು.