ನಂಬರ್ ನೋಡಿದ ಕೂಡಲೇ ಮೊಬೈಲ್ ಎಂದು ಗೊತ್ತಾಗಬೇಕು

ಭಾರತದಲ್ಲಿ ಬೆಳೆದವರಿಗೆ ಒಂದು ಫೋನ್ ನಂಬರ್ ಮೊಬೈಲಿನದ್ದೋ ಲ್ಯಾಂಡ್‌ಲೈನಿನದ್ದೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹತ್ತು ಅಂಕಿ ಇದೆ, ಮೊದಲನೆಯದು 6, 7, 8 ಅಥವಾ 9, ಅಂದರೆ ಮೊಬೈಲ್. ಸೊನ್ನೆಯಿಂದ ಶುರುವಾಗಿ ಎಸ್‌ಟಿಡಿ ಕೋಡ್ ಇದ್ದರೆ ಲ್ಯಾಂಡ್‌ಲೈನ್. ಅಮೆರಿಕದಲ್ಲಿ ನೆಲೆಸಿದ ಮೇಲೆ ಈ ಲೆಕ್ಕ ಕೈಕೊಡುತ್ತದೆ. ಇಲ್ಲೂ ಹತ್ತೇ ಅಂಕಿ. ಮೊದಲ ಮೂರು ಏರಿಯಾ ಕೋಡ್, ಮುಂದಿನ ಮೂರು ಎಕ್ಸ್‌ಚೇಂಜ್, ಕೊನೆಯ ನಾಲ್ಕು ಆ ಫೋನಿನದ್ದು. ಗೋಡೆಗೆ ತಂತಿ ಹಾಕಿಸಿಕೊಂಡ ಫೋನಿಗೂ ಜೇಬಿನಲ್ಲಿರುವ ಫೋನಿಗೂ ಅದೇ ಏರಿಯಾ ಕೋಡ್. ಎಷ್ಟು ದಿಟ್ಟಿಸಿದರೂ ಯಾವುದು ಯಾವುದೆಂದು ಹೇಳಲು ಆಗುವುದಿಲ್ಲ.

ಈ ಒಂದು ವಿಷಯದಲ್ಲಿ ನಮ್ಮ ದೇಶದ ಪದ್ಧತಿಯೇ ಮೇಲು ಎಂದು ನನಗೆ ಅನಿಸುತ್ತದೆ. ನಂಬರ್ ಯಾವ ಕಂಪನಿಯದ್ದು ಎಂಬುದು ಗುಟ್ಟಾಗಿರಲಿ, ತೊಂದರೆ ಇಲ್ಲ. ಆದರೆ ಅದು ಮೊಬೈಲೋ ಅಲ್ಲವೋ ಎಂಬುದು ನೋಡಿದ ಯಾರಿಗೇ ಆದರೂ ತಿಳಿಯಬೇಕು. ಮೆಸೇಜ್ ಕಳಿಸಿದರೆ ತಲುಪುತ್ತದೆಯೇ? ರಾತ್ರಿ ಹೊತ್ತು ಕರೆದರೆ ಒಬ್ಬರ ಫೋನ್ ಹೊಡೆದುಕೊಳ್ಳುತ್ತದೋ, ಇಡೀ ಮನೆ ಎಚ್ಚರವಾಗುತ್ತದೋ? ಇದನ್ನು ತಿಳಿಯಲು ಯಾರಿಗೋ ದುಡ್ಡು ಕೊಟ್ಟು ವಿಚಾರಿಸಬೇಕಾದ ಸ್ಥಿತಿ ಸರಿಯಲ್ಲ.

ಈ ವ್ಯತ್ಯಾಸಕ್ಕೆ ಒಂದು ಕಾರಣ ದುಡ್ಡೇ. ಬಹಳಷ್ಟು ದೇಶಗಳಲ್ಲಿ ಮೊಬೈಲಿಗೆ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ. ಲ್ಯಾಂಡ್‌ಲೈನಿಗಿಂತ ಮೊಬೈಲಿಗೆ ದರ ಜಾಸ್ತಿ ಇದ್ದಾಗ, ಡಯಲ್ ಮಾಡುವ ಮೊದಲೇ ಅದು ಗೊತ್ತಿರಬೇಕು, ಅಲ್ವಾ? ಬ್ರಿಟನ್ನಿನಲ್ಲಿ ಮೊಬೈಲ್ 07ರಿಂದ ಶುರು, ಆಸ್ಟ್ರೇಲಿಯಾದಲ್ಲಿ 04ರಿಂದ, ಫ್ರಾನ್ಸಿನಲ್ಲಿ 06 ಅಥವಾ 07ರಿಂದ. ಅಮೆರಿಕದಲ್ಲಿ ಕರೆ ತೆಗೆದುಕೊಂಡವರೂ ನಿಮಿಷದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಕರೆ ಮಾಡುವವರಿಗೆ ಖರ್ಚಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಾಗಾಗಿ ಬೇರೆ ನಂಬರ್ ಬೇಕೆಂದು ಯಾರೂ ಒತ್ತಾಯಿಸಲಿಲ್ಲ. ಭಾರತದಲ್ಲೂ ಮೊದಮೊದಲು ಇನ್‌ಕಮಿಂಗ್‌ಗೆ ದುಡ್ಡು ಕಟ್ಟಬೇಕಿತ್ತು. 2003ರ ಮೇ ತಿಂಗಳಿಂದ ಅದು ಉಚಿತವಾಯಿತು. ಮೊಬೈಲಿನ ನಂಬರ್ ಸಾಲು ಮಾತ್ರ ಅದಕ್ಕೂ ಮೊದಲಿಂದಲೇ ಬೇರೆ ಇತ್ತು.

ಇಲ್ಲೂ ಒಮ್ಮೆ ಬೇರೆ ಮಾಡುವ ಪ್ರಯತ್ನ ನಡೆದಿತ್ತು. ಶಿಕಾಗೋ ಸುತ್ತಲಿನ 708 ಏರಿಯಾ ಕೋಡಿನಲ್ಲಿ ನಂಬರ್‌ಗಳು ಮುಗಿಯುತ್ತಾ ಬಂದಾಗ, ಅಲ್ಲಿನ ಟೆಲಿಫೋನ್ ಕಂಪನಿ ಅಮೆರಿಟೆಕ್ 630 ಎಂಬ ಹೊಸ ಕೋಡನ್ನು ಮೊಬೈಲ್ ಮತ್ತು ಪೇಜರ್‌ಗಳಿಗೇ ಮೀಸಲಿಡಲು ಹೊರಟಿತು. 1995ರಲ್ಲಿ ಎಫ್‌ಸಿಸಿ, ಅಂದರೆ ಅಮೆರಿಕದ ದೂರಸಂಪರ್ಕ ನಿಯಂತ್ರಕ, ಒಪ್ಪಲಿಲ್ಲ. ಮೊಬೈಲ್ ಕಂಪನಿಗಳನ್ನು ಮಾತ್ರ ಹೊಸ ಕೋಡಿಗೆ ತಳ್ಳುವುದು ಭೇದಭಾವ ಎಂಬುದು ಅವರ ವಾದ. ಮರುವರ್ಷ 630 ಪಶ್ಚಿಮದ ಉಪನಗರಗಳ ಎಲ್ಲ ಫೋನ್‌ಗಳಿಗೂ ಸಾಮಾನ್ಯ ಕೋಡ್ ಆಯಿತು. ಆಗ ಮೊಬೈಲ್ ಕಂಪನಿಗಳು ಚಿಕ್ಕವು, ಅವನ್ನು ಕಾಪಾಡಬೇಕು ಎಂದು ಯೋಚಿಸಿದ್ದು ಅರ್ಥವಾಗುತ್ತದೆ. ಆದರೆ ಕಂಪನಿಗಳ ನಡುವಿನ ನ್ಯಾಯ ನೋಡುವಾಗ ನಂಬರ್ ಬಳಸುವವರ ಅನುಕೂಲ ಹಿಂದೆ ಬಿತ್ತು. ನನಗೆ ಬೇಸರ ಇರುವುದು ಅಲ್ಲೇ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. 2003ರ ನವೆಂಬರ್ 24ರಿಂದ ಇಲ್ಲಿನ ದೊಡ್ಡ ನಗರಗಳಲ್ಲಿ ಕಂಪನಿ ಬದಲಿಸಿದರೂ ಮೊಬೈಲ್ ನಂಬರ್ ಉಳಿಸಿಕೊಳ್ಳುವ ಹಕ್ಕು ಬಂತು. ಲ್ಯಾಂಡ್‌ಲೈನ್ ನಂಬರನ್ನೇ ಮೊಬೈಲಿಗೆ ಎತ್ತಿಕೊಂಡು ಹೋಗುವುದಕ್ಕೂ ದಾರಿಯಾಯಿತು. ವರ್ಷಾನುಗಟ್ಟಲೆ ಒಂದೇ ನಂಬರ್ ಇಟ್ಟುಕೊಂಡಿದ್ದ ಹಿರಿಯರಿಗೆ ಇದು ನಿಜವಾದ ಉಪಕಾರ. ಭಾರತದಲ್ಲಿ ಇದಿಲ್ಲ. ಅಲ್ಲಿ ಪೋರ್ಟ್ ಏನಿದ್ದರೂ ಮೊಬೈಲಿನಿಂದ ಮೊಬೈಲಿಗೆ.

ಆದರೆ ಇಲ್ಲಿನ ಕಾನೂನೇ ಮೊಬೈಲನ್ನೂ ಲ್ಯಾಂಡ್‌ಲೈನನ್ನೂ ಬೇರೆ ಬೇರೆಯಾಗಿ ನೋಡುತ್ತದೆ. 1991ರ ಟಿಸಿಪಿಎ ಕಾಯ್ದೆಯ ಪ್ರಕಾರ, ಒಪ್ಪಿಗೆ ಇಲ್ಲದೆ ತಾನಾಗಿ ಡಯಲ್ ಮಾಡುವ ಯಂತ್ರದಿಂದ ಮೊಬೈಲಿಗೆ ಕರೆ ಮಾಡುವಂತಿಲ್ಲ. ಲ್ಯಾಂಡ್‌ಲೈನಿಗೆ ನಿಯಮ ಅಷ್ಟು ಬಿಗಿಯಲ್ಲ. ನಂಬರ್ ನೋಡಿದರೆ ಗೊತ್ತಾಗದು, ಗೊತ್ತಿಲ್ಲದೆ ಕರೆದರೆ ದಂಡ. ಹಾಗಾಗಿ ವ್ಯಾಪಾರ ಮಾಡುವವರು ಪೋರ್ಟ್ ಆದ ನಂಬರ್‌ಗಳ ಪಟ್ಟಿಯನ್ನು ಹಣ ಕೊಟ್ಟು ಪಡೆದು ತಾಳೆ ನೋಡುತ್ತಾರೆ. ಲ್ಯಾಂಡ್‌ಲೈನ್ ನಂಬರ್ ಮೊಬೈಲಿಗೆ ಹೋದ ಮೇಲೆ ಪಟ್ಟಿ ಸರಿಪಡಿಸಿಕೊಳ್ಳಲು 15 ದಿನ ಅವಕಾಶವನ್ನೂ ಕೊಟ್ಟಿದ್ದಾರೆ. ನಂಬರಿನ ಮೊದಲ ಅಂಕಿ ಹೇಳಬಹುದಾಗಿದ್ದ ವಿಷಯಕ್ಕೆ ಇಷ್ಟೆಲ್ಲ ಏರ್ಪಾಡು.

ಸಾಫ್ಟ್‌ವೇರ್ ಬರೆಯುವವರಿಗೂ ಇದೇ ಪಾಡು. ಫೋನ್ ನಂಬರ್ ಪರೀಕ್ಷಿಸಲು ಗೂಗಲ್ ಬಿಟ್ಟಿರುವ ಲಿಬ್‌ಫೋನ್‌ನಂಬರ್ ಎಂಬ ಉಚಿತ ಲೈಬ್ರರಿ ಇದೆ. ಭಾರತದ ನಂಬರ್ ಕೊಟ್ಟರೆ ಮೊಬೈಲ್ ಎಂದೋ ಲ್ಯಾಂಡ್‌ಲೈನ್ ಎಂದೋ ಹೇಳುತ್ತದೆ. ಅಮೆರಿಕದ ಸಾಮಾನ್ಯ ನಂಬರ್ ಕೊಟ್ಟರೆ ಸಿಗುವ ಉತ್ತರ ‘ಲ್ಯಾಂಡ್‌ಲೈನ್ ಅಥವಾ ಮೊಬೈಲ್’. ಅದು ಪ್ರಾಮಾಣಿಕ ಉತ್ತರವೇ, ಏಕೆಂದರೆ ನಂಬರಿನೊಳಗೆ ಆ ಮಾಹಿತಿಯೇ ಇಲ್ಲ. ಜೊತೆಗೆ ಇಂಟರ್‌ನೆಟ್ಟಿನಲ್ಲಿ ಪಡೆಯುವ ನಂಬರ್‌ಗಳೂ ಇವೆ. ಅವಕ್ಕೆ ಸಿಮ್ಮೂ ಇಲ್ಲ, ತಂತಿಯೂ ಇಲ್ಲ, ನೋಡಲು ಮಾತ್ರ ಉಳಿದವುಗಳಂತೆಯೇ.

ಇನ್ನು ನಂಬರ್ ಯಾವ ಕಂಪನಿಯದ್ದು ಎಂಬ ಪ್ರಶ್ನೆ. ಒಂದು ಕಾಲದಲ್ಲಿ ಕರ್ನಾಟಕದಲ್ಲಿ ಅದನ್ನು ಬಾಯಲ್ಲೇ ಹೇಳಬಹುದಿತ್ತು. 9845 ಅಂದರೆ ಏರ್‌ಟೆಲ್, 9844 ಸ್ಪೈಸ್, 9886 ಹಚ್, 9448 ಬಿಎಸ್‌ಎನ್‌ಎಲ್. 2011ರ ಜನವರಿ 20ರಂದು ನಂಬರ್ ಪೋರ್ಟಿಂಗ್ ದೇಶಕ್ಕೆಲ್ಲ ಬಂದ ಮೇಲೆ ಆ ಲೆಕ್ಕ ಹಳತಾಯಿತು. 2015ರ ಜುಲೈನಿಂದ ಬೇರೆ ರಾಜ್ಯಕ್ಕೆ ಹೋದವರೂ ಅದೇ ನಂಬರ್ ಇಟ್ಟುಕೊಂಡು ಅಲ್ಲಿನ ಕಂಪನಿಗೆ ಸೇರಬಹುದು. ಆದರೂ ನಂಬರ್ ಹಾಕಿದರೆ ಕಂಪನಿ, ರಾಜ್ಯ ಎರಡನ್ನೂ ತೋರಿಸುವ ಉಚಿತ ತಾಣಗಳನ್ನು ಜನ ಈಗಲೂ ನಂಬುತ್ತಾರೆ. ಅವುಗಳಲ್ಲಿ ಹೆಚ್ಚಿನವು ತೋರಿಸುವುದು ಆ ನಂಬರ್ ಮೊದಲು ಯಾರಿಗೆ ಹಂಚಿಕೆಯಾಗಿತ್ತು ಎಂಬುದನ್ನು. ಈಗ ಯಾರ ಬಳಿ ಇದೆ ಎಂಬುದು ಕಂಪನಿಗಳು ಬಳಸುವ ಪೋರ್ಟಿಂಗ್ ದಾಖಲೆಯಲ್ಲಿ ಮಾತ್ರ ಇರುತ್ತದೆ. ಬಂದ ಕರೆ ಮೋಸದ್ದೋ ಅಲ್ಲವೋ ಎಂದು ಆ ರಾಜ್ಯದ ಹೆಸರು ನೋಡಿ ತೀರ್ಮಾನಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕಂಪನಿ ಯಾವುದಾದರೆ ನಮಗೇನು ಎಂದೂ ಕೇಳಬಹುದು. ಒಂದು ಕಂಪನಿಯ ಕರೆಯನ್ನು ಇನ್ನೊಂದು ತಲುಪಿಸಿದ್ದಕ್ಕೆ ಕೊಡಬೇಕಾಗಿದ್ದ ನಿಮಿಷಕ್ಕೆ 6 ಪೈಸೆಯೂ 2021ರ ಜನವರಿ 1ರಿಂದ ನಿಂತುಹೋಯಿತು. ಕಂಪನಿಯ ಗುರುತು ಅಳಿಸಿದರೆ ಬಳಕೆದಾರರಿಗೆ ನಷ್ಟವಿಲ್ಲ, ಬಿಟ್ಟು ಹೋಗುವ ಸ್ವಾತಂತ್ರ್ಯ ಸಿಕ್ಕಿದ್ದೇ ಲಾಭ.

ಹೊರದೇಶದಲ್ಲಿರುವವರು ಊರಿನ ನಂಬರ್ ನೋಡುವಾಗ ಒಂದು ಕಡೆ ಎಚ್ಚರ ಬೇಕು. +91 ಹಾಕಿದರೆ ಎಸ್‌ಟಿಡಿ ಕೋಡಿನ ಸೊನ್ನೆ ಬಿದ್ದುಹೋಗುತ್ತದೆ. ಕರ್ನಾಟಕದ ಕೋಡ್‌ಗಳು 08ರಿಂದ ಶುರು, ಹಾಗಾಗಿ ನಮ್ಮ ಲ್ಯಾಂಡ್‌ಲೈನ್‌ಗಳೂ 8ರಿಂದ ಶುರುವಾಗುವ ಹತ್ತು ಅಂಕಿಗಳಾಗಿ ಕಾಣುತ್ತವೆ. ಮೈಸೂರಿನ ಕೋಡ್ 0821. ಅಲ್ಲಿನ ಲ್ಯಾಂಡ್‌ಲೈನ್ 8212 ಎಂದು ಕಂಡರೆ, 8217 ಎಂದು ಶುರುವಾಗುವುದು ಮೊಬೈಲ್. ಬೆಂಗಳೂರಿನ 802, 804 ಲ್ಯಾಂಡ್‌ಲೈನ್, 8095 ಮೊಬೈಲ್. ಮೆಸೇಜ್ ಕಳಿಸುವ ಮುನ್ನ ಕೋಡಿನ ಮುಂದಿನ ಅಂಕಿಯನ್ನೂ ನೋಡಿ. ವಾಟ್ಸಾಪ್‌ನಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಮೊಬೈಲ್ ಎಂದುಕೊಳ್ಳುವಂತಿಲ್ಲ, ವಾಟ್ಸಾಪ್ ಬಿಸಿನೆಸ್‌ನಲ್ಲಿ ಲ್ಯಾಂಡ್‌ಲೈನ್ ನಂಬರನ್ನೂ ನೋಂದಾಯಿಸಬಹುದು.

ನಂಬರ್‌ಗಳ ಕೊರತೆ ಬಂದಾಗಲೂ ಭಾರತ ಈ ಬೇಲಿಯನ್ನು ಕೀಳಲಿಲ್ಲ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆಯುವಾಗ ಮುಂದೆ ಸೊನ್ನೆ ಹಾಕಬೇಕು ಎಂದರು, 250 ಕೋಟಿಗೂ ಜಾಸ್ತಿ ಹೊಸ ನಂಬರ್‌ಗಳಿಗೆ ಜಾಗ ಮಾಡಿಕೊಂಡರು. ಜನ ಒಂದು ಅಂಕಿ ಹೆಚ್ಚು ಒತ್ತಿದರು, ಅಷ್ಟೇ. ಮುಂದೆ ಲ್ಯಾಂಡ್‌ಲೈನ್ ನಂಬರನ್ನು ಮೊಬೈಲಿಗೆ ತರುವ ಸೌಲಭ್ಯ ಭಾರತಕ್ಕೂ ಬಂದರೆ ನಾನು ಸಂತೋಷಪಡುತ್ತೇನೆ. ಆದರೆ ಆಗ, ಒಂದು ನಂಬರ್ ಈಗ ಮೊಬೈಲೋ ಅಲ್ಲವೋ ಎಂದು ಯಾರು ಬೇಕಾದರೂ ದುಡ್ಡಿಲ್ಲದೆ ಕೇಳಿ ತಿಳಿಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ ಅದೇ ದಿನ ತೆರೆಯಬೇಕು.