ಎಲ್ಲರ ಅಳತೆಗೆ ಒಂದು ಕೋಟು

‘ಜೆಂಡರ್‌ಲೆಸ್’ ಅಂತ ಚೀಟಿ ಅಂಟಿಸಿ ಅಂಗಡಿಯಲ್ಲಿ ನೇತುಹಾಕಿದ ಬಟ್ಟೆಗಳನ್ನು ನೋಡಿದ್ದೀರಾ? ಹೆಚ್ಚಿನವು ಬೂದಿ ಬಣ್ಣದ ದೊಗಳೆ ಟೀ ಶರ್ಟು, ಅದಕ್ಕೊಂದು ದೊಗಳೆ ಪ್ಯಾಂಟು. ಗಂಡಿಗೂ ಹೆಣ್ಣಿಗೂ ಆಗುತ್ತದೆ, ನಿಜ. ಮಂಚದ ಮೇಲಿನ ಚಾದರವೂ ಇಬ್ಬರಿಗೂ ಆಗುತ್ತದೆ.

ಈ ದಾರಿ ತೋರಿಸಿದ ಸಿನಿಮಾ, ಸಂಗೀತದ ಮಂದಿ ಯಾರೂ ಹೀಗೆ ಬಟ್ಟೆಯೊಳಗೆ ಅಡಗಿ ಕೂತವರಲ್ಲ. 1930ರ ‘ಮೊರಾಕೊ’ ಚಿತ್ರದಲ್ಲಿ ನಟಿ ಮರ್ಲೀನ್ ಡೀಟ್ರಿಕ್ ಟೇಲ್‌ಕೋಟು, ಬಿಳಿ ಬೋ ಟೈ, ಟಾಪ್ ಹ್ಯಾಟಿನಲ್ಲಿ ಬರುತ್ತಾರೆ. ಗಂಡಸರ ಉಡುಪೇ, ಆದರೆ ಭುಜದ ಮೇಲೆ ಎಷ್ಟು ನೀಟಾಗಿ ಕೂತಿದೆ! 1977ರ ‘ಆನಿ ಹಾಲ್’ನಲ್ಲಿ ನಟಿ ಡಯಾನ್ ಕೀಟನ್ ಹಾಕಿದ್ದು ದೊಗಳೆ ಪ್ಯಾಂಟೇ. ಆದರೆ ಮೇಲೊಂದು ವೇಸ್ಟ್‌ಕೋಟು, ಟೈ ಇರುವುದರಿಂದ ಇಡೀ ವೇಷಕ್ಕೆ ಹಿಡಿತ ಬಂದಿದೆ.

ನನಗೆ ಜಾಸ್ತಿ ಇಷ್ಟ ರಾಕ್ ಗಾಯಕ ಡೇವಿಡ್ ಬೋವಿಯ ಜಂಪ್‌ಸೂಟು, ಅಂದರೆ ಅಂಗಿ, ಪ್ಯಾಂಟು ಒಂದಾಗಿರುವ ಉಡುಪು. 1973ರಲ್ಲಿ ಜಪಾನಿನ ವಸ್ತ್ರ ವಿನ್ಯಾಸಕ ಕನ್ಸಾಯ್ ಯಮಮೊಟೊ ಮಾಡಿಕೊಟ್ಟದ್ದು. ಮಿರಮಿರ ಮಿಂಚುವ ಕಪ್ಪು, ಮೇಲೆ ಬಿಳಿ ಗೆರೆಗಳು, ಎರಡೂ ಕಾಲು ಕಮಾನಿನಂತೆ ಹೊರಕ್ಕೆ ಬಾಗಿವೆ. ಅದರೊಳಗೆ ಸೊಂಟ ಯಾವುದು, ತೊಡೆ ಯಾವುದು ಅಂತ ಹುಡುಕುವ ಗೋಜೇ ಇಲ್ಲ. ಯಮಮೊಟೊಗೆ ಕಬುಕಿ ರಂಗಭೂಮಿಯ ನಂಟು ಇತ್ತು. ಅಲ್ಲಿ ಹೆಣ್ಣಿನ ಪಾತ್ರ ಮಾಡುವವರೂ ಗಂಡಸರೇ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮಗೆ ಇದೇನು ವಿಚಿತ್ರವಲ್ಲ, ಅಲ್ವಾ?

ಸುಮ್ನೆ ಪೆನ್ಸಿಲ್ ಹಿಡಿದು ಇಂಥದ್ದೊಂದು ಉಡುಪು ಬರೆಯಲು ಕೂತರೆ ತಕರಾರು ಶುರುವಾಗುವುದು ಗುಂಡಿಯಿಂದ. ಗಂಡಸರ ಶರ್ಟಿಗೆ ಬಲಗಡೆ, ಹೆಂಗಸರದ್ದಕ್ಕೆ ಎಡಗಡೆ. ಯಾಕೆ ಅಂದರೆ ಕತ್ತಿ ಹಿಡಿಯುವ ಕೈ, ಬಟ್ಟೆ ತೊಡಿಸುವ ದಾಸಿ ಅಂತ ತರಾವರಿ ಕತೆ ಹೇಳುತ್ತಾರೆ. ಈ ತಕರಾರಿಗೆ ಪರಿಹಾರ ಮಾತ್ರ ಹೋಟೆಲಿನ ಅಡುಗೆಮನೆಯಲ್ಲಿದೆ. ಶೆಫ್‌ಗಳ ಕೋಟಿನ ಮುಂಭಾಗ ಎರಡು ಪದರ. ಎಡ ಮೇಲೆ ಬೇಕೋ, ಬಲ ಮೇಲೆ ಬೇಕೋ, ನಮ್ಮಿಷ್ಟ. ಸಾರು ಚೆಲ್ಲಿದರೆ ಪದರ ಬದಲಿಸಿ ಕಲೆ ಮುಚ್ಚಲೆಂದು ಈ ಉಪಾಯ. ನಾನು ಅದನ್ನು ಎತ್ತಿಕೊಂಡು ಡೀಟ್ರಿಕ್ ಭುಜಕ್ಕೆ ಕೂರಿಸುತ್ತೇನೆ.

ಎದೆಯ ಹತ್ತಿರ ಡಾರ್ಟ್, ಅಂದರೆ ಮೈಯ ಆಕಾರಕ್ಕೆ ಬಟ್ಟೆ ಮಡಿಸಿ ಹಾಕುವ ಹೊಲಿಗೆ, ಹಿಡಿದರೆ ಕೋಟು ಒಂದೇ ಬಗೆಯ ಮೈಗೆ ಮೀಸಲಾಗುತ್ತದೆ. ಅದರ ಬದಲು ಬೆನ್ನಿಗೆ ನೆರಿಗೆ, ಸೊಂಟಕ್ಕೆ ಒಳಗಿನಿಂದ ಲಾಡಿ. ಬಿಗಿ ಬೇಕಾದವರು ಎಳೆದು ಕಟ್ಟಲಿ, ಬೇಡದವರು ಬಿಡಲಿ. ಕೆಳಗೆ ಬೋವಿಯ ಕಮಾನು ಪ್ಯಾಂಟು. ಬಸ್ ಹತ್ತುವಾಗ ಸಿಕ್ಕಿಕೊಳ್ಳದಂತೆ ಅಗಲ ಸ್ವಲ್ಪ ಕಮ್ಮಿ ಮಾಡಬೇಕು, ಅಷ್ಟೇ. ಬಣ್ಣ ಮಾವಿನಕಾಯಿ ಹಸಿರು.

ಜೇಬಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಹೆಂಗಸರ ಪ್ಯಾಂಟಿಗೆ ಜೇಬಿನ ಬಾಯಿಯಷ್ಟೇ ಬರೆದು ಒಳಗೆ ಚೀಲ ಇಡದವರ ಮೇಲೆ ನನಗೆ ಹಳೇ ಸಿಟ್ಟಿದೆ. ನನ್ನ ಪ್ಯಾಂಟಿನ ಜೇಬಿಗೆ ಕೈ ಮಣಿಕಟ್ಟಿನವರೆಗೂ ಇಳಿಯಬೇಕು. ಫೋನು, ಬಸ್ ಪಾಸು, ಮನೆ ಕೀಲಿ ಎಲ್ಲ ಹಾಕಿದ ಮೇಲೂ ಒಂದು ಹಿಡಿ ಕಡ್ಲೆಕಾಯಿಗೆ ಜಾಗ ಇರಬೇಕು.