ಕರದಂಟಿನ ಡ್ರಾಯರ್

ಸಕ್ಕರೆ ಕಾಯಿಲೆ ಬಂದ ಮೇಲೆ ನಾನು ಅಮೀನಗಡದ ಕರದಂಟನ್ನು ಬಿಟ್ಟಿದ್ದೇನೆಂದು ವಿಜಯಪುರದ ನಮ್ಮ ಮನೆಯವರೆಲ್ಲ ನಂಬಿದ್ದರು. ಆ ನಂಬಿಕೆಗೆ ಕುತ್ತು ತಂದದ್ದು ಅಡುಗೆಮನೆಯ ಪ್ಲಾಸ್ಟಿಕ್ ಕಪಾಟಿನ ಮೂರನೆಯ ಡ್ರಾಯರ್. ಹಗಲಿನಲ್ಲಿ ಹೆಂಡತಿ ಸರ್ರನೆ ಎಳೆದರೆ ತುಟಿ ಬಿಚ್ಚದ ಅದು, ನಡುರಾತ್ರಿ ನಾನು ಕೈಯಿಟ್ಟೊಡನೆ ‘ಕಿರ್ರ್’ ಎಂದು ಚೀರುತ್ತಿತ್ತು. 1656ರಲ್ಲಿ ಮುಗಿದ ಗೋಳಗುಮ್ಮಟದಲ್ಲಿ ಈ ಬದಿಯ ಪಿಸುಮಾತು ಆ ಬದಿಗೆ ಕೇಳಿಸುತ್ತದೆಂದು ಪ್ರವಾಸಿಗರು ಬೆರಗಾಗುತ್ತಾರೆ. ನಮ್ಮ ಡ್ರಾಯರಿನ ದನಿಯಾದರೋ ಮುಚ್ಚಿದ ಎರಡು ಬಾಗಿಲುಗಳಾಚೆ ಮಲಗಿದ, ಕಿವಿ ಮಂದವಾದ ಅವ್ವನಿಗೂ ಕೇಳಿಸುತ್ತಿತ್ತು.

‘ಇಲಿ ಬಂದೈತಿ ನೋಡಪಾ’ ಎಂದು ಅವಳು ಕೂಗಿದರೆ ನಾನು ಬಾಯಿ ಒರೆಸಿಕೊಂಡು ‘ನೋಡ್ತೀನವ್ವ’ ಎನ್ನುತ್ತಿದ್ದೆ.

ಕಳ್ಳತನವನ್ನು ಮೆಲ್ಲಗೆ ಮಾಡಬೇಕೆಂಬ ನನ್ನ ತಿಳಿವಳಿಕೆಯೇ ತಪ್ಪಾಗಿತ್ತು. ನಿಂತ ವಸ್ತುವನ್ನು ಕದಲಿಸಲು ಬೇಕಾಗುವ ಬಲವು, ಕದಲಿದ್ದನ್ನು ಜಾರಿಸುತ್ತ ಒಯ್ಯಲು ಬೇಕಾಗುವ ಬಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ನಿಧಾನವಾಗಿ ಎಳೆದಾಗ ಡ್ರಾಯರಿನ ಅಂಚು ಕಪಾಟಿನ ಪಟ್ಟಿಗೆ ಕಚ್ಚಿಕೊಂಡು ಸ್ಪ್ರಿಂಗಿನಂತೆ ಬಾಗುತ್ತದೆ, ಎಳೆತ ಮಿತಿ ಮೀರಿದೊಡನೆ ಸರಕ್ಕನೆ ಜಾರಿ ಮತ್ತೆ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ಕಪಾಟೇ ಕಂಪಿಸಿ ಕೂಗುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ಬಗೆಯಲ್ಲಿ, ಆದರೆ ಅದನ್ನು ಕೇಳಲು ಜನ ಟಿಕೆಟ್ ಕೊಳ್ಳುತ್ತಾರೆ. ಉಜ್ಜುವ ಎರಡೂ ಭಾಗಗಳು ಒಂದೇ ಪ್ಲಾಸ್ಟಿಕ್ಕಿನವಾಗಿದ್ದರೆ ಕಾಟ ಇನ್ನೂ ಹೆಚ್ಚು. ಆದ್ದರಿಂದಲೇ ಯಂತ್ರ ಮಾಡುವವರು ನೈಲಾನ್ ಹಲ್ಲುಗಾಲಿಗೆ ಅಸಿಟಾಲ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಗಾಲಿಯನ್ನು ಜೋಡಿಸುವುದುಂಟು. ಸಗೋತ್ರದ ನಿಷೇಧ ಅಲ್ಲಿಯೂ ಇದೆಯೆಂದಾಯಿತು.

ಕೊಬ್ಬರಿ ಎಣ್ಣೆ ಸವರಿದೆ. ನಾಲ್ಕು ದಿನ ಮೌನ, ಐದನೆಯ ದಿನ ಬೇಸಿಗೆಯ ದೂಳು ಎಣ್ಣೆಗೆ ಅಂಟಿ ಮೊದಲಿಗಿಂತ ಜೋರು. ಅಂಟದ ತವೆಗಳಿಗೆ ಬಳಿಯುವ ಟೆಫ್ಲಾನಿನಲ್ಲಿ ನಿಂತಾಗಿನ ಘರ್ಷಣೆಯೂ ಜಾರುವಾಗಿನದೂ ಹೆಚ್ಚುಕಡಿಮೆ ಒಂದೇ ಎಂದು ತಿಳಿದಾಗ ಹೆಂಡತಿಯ ದೋಸೆ ತವೆಯನ್ನು ಆಸೆಯಿಂದ ನೋಡಿದೆನಾದರೂ ಧೈರ್ಯ ಸಾಲಲಿಲ್ಲ.

ಕೊನೆಗೆ ಮೇಣದಬತ್ತಿಯನ್ನು ತಿಕ್ಕಿದೆ. ವೇಗವಾಗಿ ಎಳೆದರೆ ಕಚ್ಚಿಕೊಳ್ಳಲು ಪುರುಸೊತ್ತೇ ಸಿಗದೆಂಬ ಹೊಸ ಜ್ಞಾನವನ್ನೂ ಅದಕ್ಕೆ ಸೇರಿಸಿ, ಆ ರಾತ್ರಿ ಒಮ್ಮೆಲೇ ಜಗ್ಗಿದೆ. ಎರಡರಲ್ಲಿ ಒಂದೇ ಉಪಾಯ ಸಾಕಾಗಿತ್ತು. ಡ್ರಾಯರ್ ತುಟಿ ಪಿಟಕ್ಕೆನ್ನದೆ ಪೂರ್ತಿಯಾಗಿ ಹೊರಬಂದು ನನ್ನ ಪಾದದ ಮೇಲೆ ಬಿತ್ತು. ಈ ಸಲ ಚೀರಿದವನು ನಾನು. ದೀಪ ಹಾಕಿದ ಹೆಂಡತಿ ನೆಲದ ಮೇಲಿನ ಕರದಂಟನ್ನೂ ಒಂಟಿಕಾಲಿನಲ್ಲಿ ನಿಂತ ನನ್ನನ್ನೂ ನೋಡಿ, ಒಳಕೋಣೆಯತ್ತ ತಿರುಗಿ ಕೂಗಿದಳು: ‘ಅತ್ತೀ, ಇಲಿ ಸಿಕ್ಕೈತ್ರಿ.’